ಗೃಹಾರೋಗ್ಯ: ಹಳೆಯ ಲಾರಿಯ ಗಾಳಿದಾರಿಯಲ್ಲಿ ಇಲಿಗೂಡು

ಗೃಹಶುದ್ಧಿಯ ವಿಚಾರವಾಗಿ ಬರೆಯುವವರು ಅಡಿಗೆಮನೆ, ಉಗ್ರಾಣ, ಬಚ್ಚಲು, ಹಿತ್ತಿಲು ಇಷ್ಟರಲ್ಲಿಯೇ ತಮ್ಮ ಮಾತನ್ನು ಮುಗಿಸುವುದು ರೂಢಿ. ಕೊಡಗಿನಂತಹ ಸೀಮೆಯಲ್ಲಿ ಅಷ್ಟಕ್ಕೇ ನಿಲ್ಲಿಸಿದರೆ ಮನೆಯ ಒಂದು ಕೋಣೆಯನ್ನು ಮರೆತಂತೆಯೇ ಸರಿ. ಆ ಕೋಣೆಯು ನಾಲ್ಕು ಚಕ್ರಗಳ ಮೇಲೆ ನಿಂತಿರುವುದರಿಂದ ಅದನ್ನು ಕೋಣೆಯೆಂದು ನಾವು ಎಣಿಸುವುದಿಲ್ಲ, ಅಷ್ಟೆ. ಈ ಜಿಲ್ಲೆಯಲ್ಲಿ ಇಂದಿಗೂ ರೈಲುಮಾರ್ಗವಿಲ್ಲ. ಮನೆಗಳು ಒಂದರ ಪಕ್ಕದಲ್ಲೊಂದು ಸಾಲಾಗಿ ನಿಂತವುಗಳಲ್ಲ. ತೋಟದ ನಡುವೆ, ಗದ್ದೆಯ ಏರಿಯಲ್ಲಿ, ಬೆಟ್ಟದ ಓರೆಯಲ್ಲಿ ದೂರ ದೂರವಾಗಿ ಚದರಿಕೊಂಡಿರುವವು. ಕಾಫಿಯ ಮೂಟೆ ಪೇಟೆಗೆ ಹೋಗುವುದು, ಗೊಬ್ಬರ ತೋಟಕ್ಕೆ ಬರುವುದು, ಮಕ್ಕಳು ಶಾಲೆಗೆ ಹೋಗುವುದು, ಬಾಣಂತಿಯು ಆಸ್ಪತ್ರೆಯಿಂದ ಮರಳುವುದು ಎಲ್ಲವೂ ಮನೆಯ ಜೀಪಿನಿಂದಲೋ ತೋಟದ ಲಾರಿಯಿಂದಲೋ ನಡೆಯತಕ್ಕದ್ದು. ಹೀಗಿರಲು ಆ ವಾಹನದೊಳಗಿನ ಗಾಳಿಯು ಮನೆಯ ಗಾಳಿಯೇ ಅಲ್ಲವೆ?

ಎರಡನೆಯ ಮಹಾಯುದ್ಧವು ಮುಗಿದ ತರುವಾಯ ಜೀಪುಗಳು ನಮ್ಮ ಮಲೆನಾಡಿನ ದಾರಿಗಳಿಗೆ ಬಂದವು. ೧೯೫೪ರಲ್ಲಿ ಟಾಟಾ ಸಂಸ್ಥೆಯವರು ಜರ್ಮನಿಯ ಡೈಮ್ಲರ್-ಬೆಂಜ್ ಸಂಸ್ಥೆಯೊಡನೆ ಕೂಡಿಕೊಂಡು ಈ ದೇಶದಲ್ಲಿ ಲಾರಿಗಳನ್ನು ತಯಾರಿಸಲು ತೊಡಗಿದರು. ಗಟ್ಟಿಯಾದ ಕಬ್ಬಿಣದಿಂದ ಮಾಡಿದ ಅಂತಹ ಹಳೆಯ ಗಾಡಿಗಳನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದವರು ಈಗಲೂ ಉಂಟು. ತಂದೆಯು ಕೊಂಡ ಗಾಡಿಯನ್ನು ಮಗನು ಮಾರಲಾರದೆ ಶೆಡ್ಡಿನಲ್ಲಿ ನಿಲ್ಲಿಸಿ, ವರ್ಷಕ್ಕೆ ಕೆಲವು ತಿಂಗಳು ಮಾತ್ರ ಓಡಿಸುವುದೂ ಉಂಟು. ಇಲಿಗೆ ಬೇಕಾದುದು ಇಂತಹ ಗಾಡಿಯೇ. ಗಣಪತಿಗೆ ವಾಹನವಾದ ಮೂಷಿಕವು ತನಗೂ ಒಂದು ವಾಹನವಿರಲೆಂದು ಬಯಸಿದರೆ ಅದನ್ನು ತಪ್ಪೆನ್ನುವುದು ಹೇಗೆ!

ಕೊಡಗಿನ ಮಳೆಗಾಲವನ್ನು ಬಲ್ಲವರಿಗೆ ಇದರ ಕಾರಣವನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ ೧೨೦ ಅಂಗುಲಕ್ಕೂ ಮೇಲೆ ಮಳೆ ಬೀಳುವುದು. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವುದು. ಗದ್ದೆಯ ಬದುವಿನ ಬಿಲಗಳು ನೀರಿನಿಂದ ತುಂಬಿದಾಗ ಅಲ್ಲಿದ್ದ ಜೀವಿಗಳು ಒಣನೆಲೆಯನ್ನು ಹುಡುಕಿಕೊಂಡು ಮೇಲಕ್ಕೆ ಬರುವವು. ಆ ಸಮಯದಲ್ಲಿ ಶೆಡ್ಡಿನೊಳಗೆ ನಿಂತ ಲಾರಿಗಿಂತ ಸುಖವಾದ ಮನೆ ಮತ್ತಾವುದು? ಮೇಲೆ ಮಾಡು, ಒಳಗೆ ಬೆಚ್ಚಗೆ, ಬೆಕ್ಕು ನುಗ್ಗಲಾರದ ಸಂದುಗಳು, ಹಾಸಿಗೆಗೆ ಆಸನದ ನಾರು, ಪಕ್ಕದಲ್ಲಿಯೇ ಭತ್ತದ ಅಥವಾ ಹಿಂಡಿಯ ಮೂಟೆ. ಸುಮಾರು ಅರ್ಧ ಅಂಗುಲದ ರಂಧ್ರದಲ್ಲಿ ಇಲಿಯು ತೂರಬಲ್ಲದು. ಚಿಟ್ಟಿಲಿಗೆ ಕಾಲು ಅಂಗುಲವೇ ಸಾಕು. ಗರ್ಭ ಧರಿಸಿದ ಸುಮಾರು ೩ ವಾರಗಳಲ್ಲಿ ಹೆಣ್ಣಿಲಿಯು ಮರಿ ಹಾಕುವುದು. ಆ ಮರಿಗಳೂ ಕೆಲವೇ ತಿಂಗಳಲ್ಲಿ ಸಂಸಾರ ಹೂಡುವವು. ಆದುದರಿಂದ ಆಷಾಢದಲ್ಲಿ ಒಂದು ಜೋಡಿ ಇದ್ದಲ್ಲಿ ನವರಾತ್ರಿಯ ವೇಳೆಗೆ ಒಂದು ಕುಲವೇ ನೆಲೆಸಿರಬಹುದು.

ಗಾಡಿಯಲ್ಲಿ ಅವು ವಿಶೇಷವಾಗಿ ಆರಿಸಿಕೊಳ್ಳುವ ಸ್ಥಳವು ಗಾಳಿದಾರಿಯೇ. ಇದರ ರಚನೆಯನ್ನು ತಿಳಿದುಕೊಂಡರೆ ಮುಂದಿನ ಕೆಲಸವು ಸುಲಭವಾಗುವುದು. ಮುಂಗಾಜಿನ ಬುಡದಲ್ಲಿ, ಬಾನೆಟ್ಟಿನ ಹಿಂದೆ, ಸಾಲಾಗಿ ಸೀಳುಗಳಿರುವ ಒಂದು ತಗಡು ಕಾಣುವುದಷ್ಟೆ. ಹೊರಗಿನ ಗಾಳಿಯು ಅದರ ಮೂಲಕ ಒಂದು ಪೆಟ್ಟಿಗೆಯೊಳಕ್ಕೆ ಇಳಿಯುವುದು. ಗಾಳಿಯೊಡನೆ ಬಂದ ಮಳೆನೀರು ಪೆಟ್ಟಿಗೆಯ ತಳದ ಸಣ್ಣ ರಂಧ್ರದಿಂದ ನೆಲಕ್ಕೆ ಹರಿದುಹೋಗುವುದು. ಗಾಳಿಯು ಬೀಸಣಿಗೆಯ ಬಲದಿಂದ ಕೊಳವೆಗಳಲ್ಲಿ ಸಾಗಿ ಮುಂಗಾಜಿನ ಕಡೆಗೂ ಕಾಲಿನ ಕಡೆಗೂ ಹೊರಡುವುದು. ಬಹಳ ಹಳೆಯ ಲಾರಿಗಳಲ್ಲಿ ಬೀಸಣಿಗೆ ಇಲ್ಲದೆ, ಕೈಯಿಂದ ತೆರೆದು ಮುಚ್ಚುವ ಮುಚ್ಚಳ ಮಾತ್ರ ಇರುವುದೂ ಉಂಟು. ಯುದ್ಧಕಾಲದ ತೆರೆದ ಜೀಪಿಗಂತೂ ಈ ಏರ್ಪಾಡೇ ಬೇಕಿರಲಿಲ್ಲ. ಅದರ ಮುಂಗಾಜನ್ನೇ ಬಾನೆಟ್ಟಿನ ಮೇಲಕ್ಕೆ ಮಡಿಸಬಹುದಾಗಿತ್ತು. ಹೊಸ ಗಾಡಿಗಳಲ್ಲಿ ಗಾಳಿಯನ್ನು ಸೋಸುವ ಕಾಗದದ ಜಾಲರಿಯೊಂದಿರುವುದು. ಅದೂ ಇಲಿಯ ಹಾಸಿಗೆಗೆ ಒದಗುವುದು. ಪೆಟ್ಟಿಗೆಯು ಕತ್ತಲು, ಕೊಳವೆಯು ಇಕ್ಕಟ್ಟು, ಎರಡೂ ಒಣಗಿದ ಸ್ಥಳಗಳು. ಇಲಿಯು ಬಯಸುವ ಮೂರು ಗುಣಗಳೂ ಒಂದೆಡೆಯಲ್ಲಿ ಕೂಡಿದಂತಾಯಿತು.

ಇದರಿಂದಾಗುವ ಹಾನಿಯು ದುರ್ಗಂಧವೊಂದೇ ಎಂದು ಯಾರೂ ಭಾವಿಸಬಾರದು. ತಳದ ರಂಧ್ರವು ಮುಚ್ಚಿಹೋದರೆ ಮಳೆಯ ನೀರು ಗಾಡಿಯೊಳಕ್ಕೆ ಇಳಿದು, ಕಾಲಡಿಯ ತಗಡು ತುಕ್ಕು ಹಿಡಿದು ತೂತಾಗುವುದು. ಇಲಿಯ ಮುಂದಿನ ಹಲ್ಲುಗಳು ಜೀವಮಾನವೆಲ್ಲಾ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿದು ಅವನ್ನು ಸವೆಯಿಸುತ್ತಲೇ ಇರಬೇಕು; ವಿದ್ಯುತ್ತಿನ ತಂತಿಯ ಹೊದಿಕೆಯು ಅದಕ್ಕೆ ಸಿಕ್ಕಿದರೆ ಒಳಗಿನ ತಾಮ್ರವು ಹೊರಬೀಳುವುದು, ಪಕ್ಕದಲ್ಲಿಯೇ ಒಣಗಿದ ಗೂಡಿರುವುದು; ಬೆಂಕಿಗೆ ಮತ್ತೇನು ಬೇಕು? ಇದಕ್ಕಿಂತಲೂ ಯೋಚಿಸತಕ್ಕ ಸಂಗತಿ ಇನ್ನೊಂದುಂಟು. ಮಳೆಗಾಲದಲ್ಲಿ ಬಾಗಿಲು ಮುಚ್ಚಿ ನಾಲ್ವರು ಕುಳಿತರೆ ಅವರ ಉಸಿರಿನ ಆವಿಯು ಗಾಜಿಗೆ ಕವಿಯುವುದು. ಅದನ್ನು ತೊಲಗಿಸಬೇಕಾದ ಗಾಳಿಯು ಗೂಡಿನಿಂದ ಕಟ್ಟಿಹೋದರೆ ಚಾಲಕನು ಒಂದು ಕೈಯಿಂದ ಗಾಜನ್ನು ಒರಸುತ್ತ ಮತ್ತೊಂದರಿಂದ ಗಾಡಿಯನ್ನು ನಡೆಯಿಸಬೇಕಾಗುವುದು. ಸಂಪಾಜೆಯ ಘಾಟಿಯಲ್ಲಿ ಮಂಜು ಇಳಿದ ಸಂಜೆ ಇದರ ಅರ್ಥವೇನೆಂಬುದನ್ನು ಆ ದಾರಿಯ ತಿರುವುಗಳನ್ನು ಕಂಡವರು ತಾವೇ ಊಹಿಸಬಲ್ಲರು.

ಇನ್ನು ರೋಗದ ವಿಚಾರ. ಇಲಿಗೂ ವ್ಯಾಧಿಗೂ ಇರುವ ನಂಟನ್ನು ನಮ್ಮ ನಾಡು ಬಹು ಬೆಲೆ ತೆತ್ತು ಕಲಿತಿದೆ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು. ಬಸವನಗುಡಿ ಮತ್ತು ಮಲ್ಲೇಶ್ವರದ ವಿಶಾಲವಾದ ಬೀದಿಗಳು ಆ ಕಾಲದ ಭಯದಿಂದ ಹುಟ್ಟಿದುವು. ಅದೇ ೧೮೯೮ರಲ್ಲಿ ಕರಾಚಿಯಲ್ಲಿ ಕೆಲಸ ಮಾಡುತ್ತಿದ್ದ ಫ್ರೆಂಚ್ ವೈದ್ಯ ಸಿಮಾಂಡ್ ಎಂಬವರು, ಪ್ಲೇಗನ್ನು ಇಲಿಯಿಂದ ಹರಡುವುದು ಅದರ ಮೈಮೇಲಿನ ಚಿಗಟವೆಂದು ತೋರಿಸಿಕೊಟ್ಟರು. ಆ ಮಾರಿಯ ಹಾವಳಿ ಈಗ ಇಲ್ಲವಾದರೂ, ಇಲಿಜ್ವರವೆಂದು ಜನರು ಕರೆಯುವ ಲೆಪ್ಟೊಸ್ಪೈರೋಸಿಸ್ ನಮ್ಮ ಮಲೆನಾಡಿಗೂ ಕರಾವಳಿಗೂ ಅಪರಿಚಿತವಲ್ಲ. ೧೯೧೫ರಲ್ಲಿ ಜಪಾನಿನ ಇನಾಡ ಮತ್ತು ಇಡೊ ಎಂಬ ವೈದ್ಯರು ಇದರ ರೋಗಾಣುವನ್ನು ಕಂಡುಹಿಡಿದರು. ಅದು ಇಲಿಯ ಮೂತ್ರದಲ್ಲಿ ಹೊರಬಿದ್ದು, ಒದ್ದೆಯಾದ ಮಣ್ಣಿನಲ್ಲಿಯೂ ನೀರಿನಲ್ಲಿಯೂ ವಾರಗಟ್ಟಲೆ ಬದುಕಬಲ್ಲದು. ಕೈಕಾಲಿನ ಗಾಯದಿಂದಲೂ ಕಣ್ಣು ಬಾಯಿಗಳಿಂದಲೂ ಮನುಷ್ಯನ ಶರೀರವನ್ನು ಸೇರುವುದು. ಚೆನ್ನಾಗಿ ಒಣಗಿದಲ್ಲಿ ಅದು ಸಾಯುವುದು. ಹಾಗಾದರೆ ಒಣಗಿದ ಗೂಡು ನಿರಪಾಯವೇ ಎಂದರೆ, ಅಲ್ಲ. ೧೯೯೩ರಲ್ಲಿ ಅಮೆರಿಕದ ನೈಋತ್ಯ ಪ್ರಾಂತಗಳಲ್ಲಿ ಹಂಟಾ ಎಂಬ ವೈರಸ್ಸಿನಿಂದ ಭಯಂಕರವಾದ ಶ್ವಾಸರೋಗವು ಕಾಣಿಸಿಕೊಂಡಿತು. ಅಲ್ಲಿಯ ಒಂದು ಜಾತಿಯ ಚಿಟ್ಟಿಲಿಯ ಮಲಮೂತ್ರಗಳು ಒಣಗಿ, ಧೂಳಾಗಿ ಎದ್ದು, ಉಸಿರಿನೊಡನೆ ಒಳಹೋಗುವುದೇ ಅದಕ್ಕೆ ಕಾರಣವೆಂದು ತಿಳಿದುಬಂದಿತು. ಆ ರೋಗಕ್ಕೆ ತುತ್ತಾದವರಲ್ಲಿ ಮೂರನೆಯ ಒಂದಂಶಕ್ಕೂ ಹೆಚ್ಚು ಮಂದಿ ಉಳಿಯಲಿಲ್ಲ. ಆ ಚಿಟ್ಟಿಲಿ ನಮ್ಮಲ್ಲಿಲ್ಲ. ನಮ್ಮಲ್ಲಿ ಎಚ್ಚರಪಡಬೇಕಾದುದು ಮುಖ್ಯವಾಗಿ ಇಲಿಜ್ವರಕ್ಕೆ. ಆದರೂ ಅಲ್ಲಿಂದ ಲೋಕವೆಲ್ಲಾ ಕಲಿತ ಪಾಠವೊಂದು ನಮಗೂ ಗ್ರಾಹ್ಯವಾಗಿದೆ: ಇಲಿಯ ಕಸವನ್ನು ಒಣಗಿದ್ದಾಗ ಗುಡಿಸಬಾರದು, ಊದಬಾರದು, ಮೊದಲು ತೋಯಿಸಿ, ಆಮೇಲೆ ತೆಗೆಯಬೇಕು.

ಗಾಡಿಯ ವಿಷಯದಲ್ಲಿ ಈ ನಿಯಮವನ್ನು ಮುರಿಯುವುದು ಬಹು ಸುಲಭ. ಬೀಸಣಿಗೆಯ ಗುಂಡಿಯನ್ನು ಒತ್ತಿದರೆ ಸಾಕು, ಗೂಡಿನ ಧೂಳೆಲ್ಲವೂ ಕುಳಿತವರ ಮುಖಕ್ಕೆ ಬರುವುದು. ವರ್ಕ್‌ಶಾಪುಗಳಲ್ಲಿ ಗಾಳಿಯಂತ್ರದ ಕೊಳವೆಯಿಂದ ಜೋರಾಗಿ ಊದಿಸಿ ‘ಕ್ಲೀನ್’ ಆಯಿತೆನ್ನುವ ಅಭ್ಯಾಸವೂ ಉಂಟು. ಅದು ಕಸವನ್ನು ಕೊಳವೆಯಿಂದ ತೆಗೆದು ಕೆಲಸಗಾರನ ಶ್ವಾಸಕೋಶದಲ್ಲಿ ಇಡುವ ಉಪಾಯವಲ್ಲದೆ ಬೇರೆಯಲ್ಲ.

ಗೂಡಿರುವುದನ್ನು ಹೀಗೆ ಗುರುತಿಸಬಹುದು: ಗಾಳಿಯು ಮೊದಲಿಗಿಂತ ಮಂದವಾಗುವುದು, ಘಾಟಾದ ವಾಸನೆ ಬರುವುದು, ಕಾಲಿನ ಬಳಿಯ ಗಾಳಿಬಾಯಿಯಲ್ಲಿ ಹೊಟ್ಟು, ನಾರು, ಕಾಗದದ ಚೂರುಗಳು ಕಾಣುವುವು, ಬೀಸಣಿಗೆಯು ತಿರುಗುವಾಗ ತಟತಟನೆ ಸದ್ದಾಗುವುದು. ಅಕ್ಕಿಕಾಳಿನಷ್ಟು ಸಣ್ಣ ಹಿಕ್ಕೆಯಾದರೆ ಚಿಟ್ಟಿಲಿಯದು, ಅರ್ಧ ಅಂಗುಲದಷ್ಟಾದರೆ ಇಲಿಯದು. ಕಪ್ಪಾಗಿ, ಮೆತ್ತಗೆ, ಹೊಳೆಯುತ್ತಿದ್ದರೆ ಹೊಸದು. ಬೂದಿಬಣ್ಣವಾಗಿ ಪುಡಿಯಾಗುವಂತಿದ್ದರೆ ಹಳೆಯದು. ಹೊಸ ಹಿಕ್ಕೆ ಇದ್ದಲ್ಲಿ ಶುದ್ಧಿಗೆ ತೊಡಗುವುದು ವ್ಯರ್ಥ. ಒಡೆಯನು ಒಳಗಿರುವಾಗಲೇ ಮನೆಯನ್ನು ಕೆಡವಿದರೆ ಆತನು ಮರುದಿನವೇ ಇನ್ನೊಂದನ್ನು ಕಟ್ಟುವನು. ಮೊದಲು ಶೆಡ್ಡಿನಲ್ಲಿ ಇಲಿಬೋನುಗಳನ್ನು ಇಟ್ಟು, ಒಂದು ವಾರದವರೆಗೆ ಹೊಸ ಗುರುತೊಂದೂ ಕಾಣದಿದ್ದ ಮೇಲೆ ಕೆಲಸಕ್ಕೆ ಕೈಹಚ್ಚಬೇಕು. ಗಾಡಿಯೊಳಗೆ ವಿಷವನ್ನು ಎಂದಿಗೂ ಇಡಲಾಗದು. ವಿಷ ತಿಂದ ಇಲಿಯು ಕೈಗೆ ಸಿಕ್ಕದ ಕೊಳವೆಯಲ್ಲಿಯೇ ಸತ್ತು ನಾರುವುದಲ್ಲದೆ, ಹೊರಗೆ ಬಂದು ಸತ್ತರೆ ಅದನ್ನು ತಿಂದ ಮನೆಯ ನಾಯಿಗೂ ತೋಟದ ಗೂಬೆಗೂ ಅಪಾಯ. ಒಂದು ಗೂಬೆ ನಾಲ್ಕು ಬೋನುಗಳ ಕೆಲಸವನ್ನು ಸಂಬಳವಿಲ್ಲದೆ ಮಾಡುವುದೆಂಬುದನ್ನು ಮರೆಯಬಾರದು.

ಶುದ್ಧಿಗೆ ಬಿಸಿಲಿರುವ ದಿನವನ್ನು ಆರಿಸಿ, ಗಾಡಿಯನ್ನು ಶೆಡ್ಡಿನಿಂದ ಬಯಲಿಗೆ ತಳ್ಳಿಸತಕ್ಕದ್ದು. ಬಾಗಿಲುಗಳನ್ನೂ ಬಾನೆಟ್ಟನ್ನೂ ತೆರೆದು, ಅರ್ಧ ಗಂಟೆಯವರೆಗೆ ಎಲ್ಲರೂ ದೂರವಿರಬೇಕು. ಬ್ಯಾಟರಿಯ ತಂತಿಯನ್ನು ಕಳಚಿಡಬೇಕು. ಇದರಿಂದ ಬೀಸಣಿಗೆಯು ಅಕಸ್ಮಾತ್ತಾಗಿ ತಿರುಗದು, ಕಡಿದ ತಂತಿಯಿಂದ ಕಿಡಿಯೂ ಹಾರದು. ಮಕ್ಕಳನ್ನೂ ಗರ್ಭಿಣಿಯರನ್ನೂ ಹತ್ತಿರ ಸೇರಿಸಬಾರದು. ಇಲಿಯಿದ್ದಲ್ಲಿಗೆ ಹಾವು ಬರುವುದು ಸಹಜ. ಆದುದರಿಂದ ದೀಪ ಹಿಡಿದು ನೋಡದೆ ಯಾವ ಸಂದಿಗೂ ಕೈ ಹಾಕಕೂಡದು. ಕೆಲಸ ಮಾಡುವವರು ರಬ್ಬರಿನ ಕೈಚೀಲಗಳನ್ನೂ, ತುಂಬುತೋಳಿನ ಅಂಗಿಯನ್ನೂ, ಕನ್ನಡಕವನ್ನೂ, ಮೂಗುಬಾಯಿಗಳಿಗೆ ಒತ್ತಾಗಿ ಕೂರುವ ಎನ್-೯೫ ಎಂಬ ಮುಸುಕನ್ನೂ ಧರಿಸಬೇಕು. ಮುಖಕ್ಕೆ ಸುತ್ತಿದ ಟವಲು ನಾಚಿಕೆಯನ್ನು ಕಾಪಾಡೀತು, ಶ್ವಾಸಕೋಶವನ್ನು ಕಾಪಾಡದು.

ತೋಯಿಸುವ ದ್ರವಕ್ಕೆ ಬ್ಲೀಚಿಂಗ್ ಪುಡಿಯೇ ಸುಲಭವಾಗಿ ದೊರೆಯತಕ್ಕದ್ದು. ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ೧ ಲೀಟರ್ ನೀರಿಗೆ ಸುಮಾರು ೧೫ ಗ್ರಾಂ ಪುಡಿಯಂತೆ, ಎಂದರೆ ಒಂದು ದೊಡ್ಡ ಚಮಚದಷ್ಟು, ಕದಡಿ, ತಳಕ್ಕೆ ಇಳಿದ ಗಸಿಯನ್ನು ಬಿಟ್ಟು ಮೇಲಿನ ತಿಳಿಯನ್ನು ಬಳಸಬೇಕು. ಪುಡಿಯು ಹೊಸದಾಗಿರಬೇಕು; ಡಬ್ಬಿಯನ್ನು ತೆರೆದಿಟ್ಟರೆ ಮಳೆಗಾಲದ ತೇವದಿಂದ ಅದರ ಶಕ್ತಿಯು ಇಳಿದುಹೋಗುವುದು. ಅಂಗಡಿಯಲ್ಲಿ ಸಿಕ್ಕುವ ಬ್ಲೀಚ್ ದ್ರವವಾದರೆ ಅದರ ೧ ಭಾಗಕ್ಕೆ ೯ ಭಾಗ ನೀರು. ಇದನ್ನು ಕಕ್ಕಸು ತೊಳೆಯುವ ಆಮ್ಲದೊಡನೆಯಾಗಲಿ ಅಮೋನಿಯಾ ಇರುವ ಯಾವ ವಸ್ತುವಿನೊಡನೆಯಾಗಲಿ ಬೆರಸಿದರೆ ವಿಷವಾಯು ಏಳುವುದು. ಇಲಿಯ ಮೂತ್ರದಲ್ಲಿಯೂ ಅಮೋನಿಯದ ಅಂಶವಿರುವುದರಿಂದ ಕೆಲಸವೆಲ್ಲವೂ ಬಯಲಿನಲ್ಲಿಯೇ ನಡೆಯಬೇಕು.

ಮೊದಲು ಪೆಟ್ಟಿಗೆಯ ತಳದ ರಂಧ್ರವನ್ನು ಹುಡುಕಿ ಬಿಡಿಸಬೇಕು; ಇಲ್ಲವಾದರೆ ಮೇಲಿನಿಂದ ಹಾಕಿದ ದ್ರವವು ಗಾಡಿಯೊಳಗೆ ಹರಿಯುವುದು. ತರುವಾಯ ಸೀಳುತಗಡಿನ ತಿರುಪುಗಳನ್ನು ಬಿಚ್ಚಿ, ಗೂಡಿನ ಮೇಲೆ ದ್ರವವನ್ನು ಮೆಲ್ಲಗೆ ಸಿಂಪಡಿಸಬೇಕು. ರಭಸವಾಗಿ ಎರಚಿದರೆ ಅದರಿಂದಲೇ ಧೂಳು ಏಳುವುದು. ಪೂರ್ಣವಾಗಿ ತೋಯ್ದ ಮೇಲೆ ೧೦ ನಿಮಿಷ ಬಿಟ್ಟು, ಇಕ್ಕುಳದಿಂದಲೋ ಒದ್ದೆಬಟ್ಟೆಯಿಂದಲೋ ಎತ್ತಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅದನ್ನು ಮತ್ತೊಂದು ಚೀಲದಲ್ಲಿಟ್ಟು ಕಟ್ಟಬೇಕು. ಊರಿನಲ್ಲಿ ಕಸ ಒಯ್ಯುವ ಏರ್ಪಾಡಿದ್ದರೆ ಅವರಿಗೆ ಕೊಡಬಹುದು. ಇಲ್ಲದಿದ್ದರೆ ಬಾವಿಗೂ ತೊರೆಗೂ ದೂರವಾಗಿ ಆಳವಾದ ಗುಂಡಿಯಲ್ಲಿ ಹೂಳತಕ್ಕದ್ದು. ಕೊಳವೆಯೊಳಗಿನ ಗೂಡನ್ನು ಕೋಲಿನಿಂದ ತಿವಿದು ನೂಕುವವರುಂಟು. ಆಗ ಅದು ಬಾಗಿನಲ್ಲಿ ಸಿಕ್ಕಿಕೊಂಡು ಬೆಣೆಯಂತೆ ಬಿಗಿಯುವುದು. ಕೊಳವೆಗಳನ್ನು ಕಳಚಿ ಹೊರತೆಗೆದು, ಆ ದ್ರವದಲ್ಲಿಯೇ ನೆನೆಯಿಸಿ, ಸೋಪಿನ ನೀರಿನಿಂದ ತೊಳೆಯುವುದೇ ಸರಿಯಾದ ಮಾರ್ಗ. ಕಳಚಲಾಗದ ಕೊಳವೆಯಲ್ಲಿ ಬಾಗುವ ತಂತಿಯ ತುದಿಗೆ ಒದ್ದೆಬಟ್ಟೆ ಕಟ್ಟಿ ಎಳೆಯಬಹುದು. ಬೀಸಣಿಗೆಯ ಮೋಟಾರಿಗೆ ನೀರು ಹೊಯ್ಯಬಾರದು. ಅದನ್ನು ಬಿಚ್ಚಿ, ರೆಕ್ಕೆಗಳನ್ನು ಮಾತ್ರ ದ್ರವದಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರಸತಕ್ಕದ್ದು. ಬ್ಲೀಚು ಕಬ್ಬಿಣವನ್ನು ತಿನ್ನುವುದಾದ್ದರಿಂದ ಎಲ್ಲವನ್ನೂ ಕಡೆಗೆ ಶುದ್ಧವಾದ ನೀರಿನಿಂದ ತೊಳೆದು ಚೆನ್ನಾಗಿ ಒಣಗಿಸಬೇಕು. ಕಾಗದದ ಜಾಲರಿಯಿದ್ದರೆ ಅದನ್ನು ತೊಳೆಯುವ ಆಸೆಯನ್ನು ಬಿಟ್ಟು, ಹೊಸದನ್ನು ಹಾಕಿಸುವುದು ಲೇಸು.

ಗಾಡಿಯನ್ನು ಮರಳಿ ಜೋಡಿಸುವ ಮುನ್ನ ತಂತಿಗಳನ್ನು ಬೆಳಕಿನಲ್ಲಿ ಪರೀಕ್ಷಿಸಿ, ತಾಮ್ರ ಕಂಡಲ್ಲಿ ಬಲ್ಲವರಿಂದ ಬದಲಾಯಿಸಬೇಕು. ಬಳಿಕ ಕಿಟಕಿಗಳನ್ನೆಲ್ಲಾ ತೆರೆದು, ಒಳಗೆ ಯಾರೂ ಕುಳಿತಿರದಂತೆ ಬೀಸಣಿಗೆಯನ್ನು ಕೆಲವು ನಿಮಿಷ ನಡೆಯಿಸಿ ನೋಡಬೇಕು. ಕೈಚೀಲವನ್ನು ಕಳಚುವ ಮುನ್ನ ಅದನ್ನು ತೊಳೆಯುವುದು, ಕಳಚಿದ ಮೇಲೆ ಕೈಗಳನ್ನು ತೊಳೆಯುವುದು, ಉಟ್ಟ ಬಟ್ಟೆಯನ್ನು ಬೇರೆಯಾಗಿ ಬಿಸಿನೀರಿನಲ್ಲಿ ಒಗೆಯುವುದು, ಸ್ನಾನ ಮಾಡಿದ ಮೇಲೆಯೇ ಊಟಕ್ಕೆ ಕೂರುವುದು ಇವು ನಮ್ಮ ಹಿರಿಯರು ಮಡಿಯೆಂಬ ಹೆಸರಿನಿಂದ ಎಂದೋ ಬಲ್ಲ ವಿಷಯಗಳು.

ಇಲಿಯು ಮರಳಿ ಬಾರದಿರಲು ಮಾಡತಕ್ಕ ಉಪಾಯಗಳು ಖರ್ಚಿನವಲ್ಲ. ಗಾಳಿ ಒಳಹೊಗುವ ಸೀಳುಗಳ ಕೆಳಗೆ ಕಾಲು ಅಂಗುಲಕ್ಕಿಂತ ಕಿರಿದಾದ ಕಣ್ಣುಗಳುಳ್ಳ ಕಂಬಿಯ ಬಲೆಯನ್ನು ಹೊಂದಿಸಿದರೆ ಗಾಳಿಗೆ ತಡೆಯಿಲ್ಲ, ಇಲಿಗೆ ದಾರಿಯಿಲ್ಲ. ಬಲೆಯ ಮೇಲೆ ಕೂಡಿದ ಎಲೆಗಳನ್ನು ಆಗಾಗ ತೆಗೆಯಬೇಕು. ತಿಂಡಿಯ ಪೊಟ್ಟಣ, ಹಿಂಡಿಯ ಚೀಲ, ಹಲಸಿನ ಬೀಜ ಯಾವುದನ್ನೂ ಗಾಡಿಯಲ್ಲಿ ರಾತ್ರಿ ಉಳಿಸಲಾಗದು. ಶೆಡ್ಡಿನಲ್ಲಿಯೇ ಭತ್ತವಿಡಬೇಕಾದ ಮನೆಗಳಲ್ಲಿ ಮುಚ್ಚಳವಿರುವ ತಗಡಿನ ಪೀಪಾಯಿಗಳಿರಲಿ. ವಾರಕ್ಕೊಮ್ಮೆಯಾದರೂ ಗಾಡಿಯನ್ನು ನಡೆಯಿಸಿ, ಬಾನೆಟ್ಟನ್ನು ತೆರೆದು ನೋಡುತ್ತಿದ್ದರೆ ಗೂಡು ಕಟ್ಟುವ ಧೈರ್ಯ ಯಾವ ಇಲಿಗೂ ಸುಲಭವಾಗಿ ಬಾರದು. ನುಸಿಗುಳಿಗೆಗಳನ್ನು ಗಾಡಿಯಲ್ಲಿ ಚೆಲ್ಲುವುದರಿಂದ ಇಲಿಗೆ ಆಗುವ ತೊಂದರೆಗಿಂತ ಅದರ ಆವಿಯನ್ನು ಉಸಿರಾಡುವ ಮಕ್ಕಳಿಗೆ ಆಗುವ ತೊಂದರೆಯೇ ಹೆಚ್ಚು.

ಈ ಕೆಲಸಕ್ಕೆ ಕಾಲವಾವುದೆಂದರೆ, ಮಳೆ ಹಿಂದೆಗೆದ ಕೂಡಲೇ. ಸೆಪ್ಟೆಂಬರಿನ ಮೊದಲಲ್ಲಿ ಕೈಲ್ ಮುಹೂರ್ತದಂದು ಕೊಡಗಿನ ಮನೆಗಳಲ್ಲಿ ಆಯುಧಗಳನ್ನು ತೊಳೆದು ಪೂಜಿಸುವರು. ನವರಾತ್ರಿಯ ಆಯುಧಪೂಜೆಗೆ ಗಾಡಿಗಳಿಗೂ ಹೂಮಾಲೆ, ಅರಿಸಿನ ಕುಂಕುಮಗಳ ಅಲಂಕಾರವಾಗುವುದು. ಹೊರಗೆ ಸೇವಂತಿಗೆಯ ಹಾರ, ಒಳಗಿನ ಕೊಳವೆಯಲ್ಲಿ ಇಲಿಯ ಹಿಕ್ಕೆ! ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಗೆ ಇದಕ್ಕಿಂತ ಒಪ್ಪುವ ಉದಾಹರಣೆ ಬೇಕಿಲ್ಲ. ಹಾರ ಹಾಕುವ ಮುನ್ನ ಒಂದು ಹಗಲನ್ನು ಗಾಳಿದಾರಿಗೆ ಮೀಸಲಿಟ್ಟರೆ ಪೂಜೆಯು ಸಾರ್ಥಕವಾದಂತೆ.

ಕಡೆಯದಾಗಿ ಮನೆಯ ಯಜಮಾನರಲ್ಲಿಯೂ ಯಜಮಾನಿತಿಯರಲ್ಲಿಯೂ ಒಂದು ಮಾತು. ಇಂತಹ ಕೊಳೆಯ ಕೆಲಸವನ್ನು ನಾವು ಸಾಮಾನ್ಯವಾಗಿ ಚಾಲಕನಿಗೋ ತೋಟದ ಆಳಿಗೋ ಒಪ್ಪಿಸಿ ಒಳಗೆ ಹೋಗುತ್ತೇವೆ. ನಮ್ಮ ಮಕ್ಕಳು ಉಸಿರಾಡಬಾರದೆಂದು ನಾವು ಅಂಜುವ ಧೂಳನ್ನು ಆತನು ಬರಿಯ ಮೂಗಿನಿಂದ, ಬರಿಗೈಯಿಂದ ಎದುರಿಸುವನು. ಆತನ ಮನೆಯಲ್ಲಿಯೂ ಮಕ್ಕಳಿದ್ದಾರೆ. ಆತನು ಹಾಸಿಗೆ ಹಿಡಿದರೆ ದಿನಗೂಲಿಯೂ ನಿಲ್ಲುವುದು. ಕೈಚೀಲ, ಮುಸುಕು, ಕನ್ನಡಕ, ಸೋಪು, ಸ್ನಾನಕ್ಕೆ ಬಿಸಿನೀರು ಇವನ್ನು ಒದಗಿಸದೆ ಈ ಕೆಲಸವನ್ನು ಹೇಳುವ ಹಕ್ಕು ಯಾರಿಗೂ ಇಲ್ಲ. ಕೈಕಾಲಿನಲ್ಲಿ ಗಾಯವಿರುವವರಿಂದ ಅಂದು ಇದನ್ನು ಮಾಡಿಸಕೂಡದು. ಕೆಲಸವಾದ ನಂತರದ ನಾಲ್ಕು ವಾರಗಳಲ್ಲಿ ಆತನಿಗೆ ಜ್ವರ, ತಲೆನೋವು, ಮೀನಖಂಡಗಳಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗುವಿಕೆ, ಹಳದಿ ಛಾಯೆ ಇವುಗಳಲ್ಲಿ ಯಾವುದು ಕಂಡರೂ ಕಷಾಯದಲ್ಲಿ ದಿನ ಕಳೆಯದೆ ವೈದ್ಯರ ಬಳಿಗೆ ಕರೆದೊಯ್ದು, ಇಲಿಯ ಗೂಡನ್ನು ಮುಟ್ಟಿದ ಸಂಗತಿಯನ್ನು ಮರೆಯದೆ ತಿಳಿಸಬೇಕು. ಇಲಿಜ್ವರವು ಬೇಗನೆ ಗೊತ್ತಾದರೆ ಸಾಮಾನ್ಯ ಔಷಧದಿಂದ ಗುಣವಾಗುವುದು. ತಡವಾದರೆ ಮೂತ್ರಪಿಂಡವನ್ನೂ ಯಕೃತ್ತನ್ನೂ ಕೆಡಿಸುವುದು. ಆ ಒಂದು ಮಾತನ್ನು ವೈದ್ಯರಿಗೆ ಹೇಳುವುದಕ್ಕೆ ಹಣ ಬೇಡ, ಪಾಂಡಿತ್ಯ ಬೇಡ. ನಮ್ಮ ಮನೆಯ ಕೆಲಸ ಮಾಡಿದವನ ಕ್ಷೇಮವೂ ನಮ್ಮ ಮನೆಯ ಕ್ಷೇಮವೇ ಎಂಬ ನೆನಪೊಂದಿದ್ದರೆ ಸಾಕು.